ಲ್ಯಾಬ್ ಮಾಸ್ತರು ಕಿವಿಯಲ್ಲಿ ಹಿಡಿದ ತಪ್ಪುಗಳು

ಮೊನ್ನೆ ನಮ್ಮ ವಿಭಾಗದ ಹಳೆಯ ಕಬ್ಬಿಣದ ಕಪಾಟಿನ ಬಾಗಿಲು ಎಳೆದಾಗ ಮೊದಲು ಮೂಗಿಗೆ ಬಡಿದದ್ದು ರಬ್ಬರಿನ ವಾಸನೆ. ಎಷ್ಟೋ ಬೇಸಿಗೆಗಳ ಕಾವಿಗೆ ಬೆಂದು ಅಂಟಂಟಾದ ರಬ್ಬರು, ಅದರ ಜೊತೆಗೆ ಸಣ್ಣಗೆ ಪೌಡರಿನ ಘಮ. ಕೆಳಗಿನ ಅರೆಯಲ್ಲಿ ಹಳೆಯ ಪ್ರಿಂಟೌಟುಗಳ ಕಟ್ಟು ಇತ್ತು. ಅದರ ಮೇಲೆ ಒಂದು ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಗಾಳಿ ಹೋಗಿ ಮುದುಡಿದ ಬಲೂನುಗಳು. ಒಂದು ಕೆಂಪು, ಒಂದು ಹಳದಿ, ಇನ್ನೊಂದು ಯಾವ ಬಣ್ಣದ್ದೋ... ಮೂರೂ ಹತ್ತಿಕೊಂಡು ಒಂದೇ ಮುದ್ದೆಯಾಗಿದ್ದವು. ಬಿಡಿಸಲು ಹೋದರೆ ಹರಿದಾವೆಂದು ಹಾಗೆಯೇ ಅಂಗೈಯಲ್ಲಿಟ್ಟುಕೊಂಡು ನಿಂತೆ.

ನಾನು ಕಪಾಟು ತೆಗೆದದ್ದು ಹಳೆಯ ಕಾಗದಗಳಿಗಾಗಿ. ಕೊಪ್ಪಳದ ಹೊರಗೆ ಒಂದು ಎಂಜಿನಿಯರಿಂಗ್ ಕಾಲೇಜಾಗಿ ಶುರುವಾದ ನಮ್ಮ ಸಂಸ್ಥೆ ಈಗ ವಿಶ್ವವಿದ್ಯಾಲಯವಾಗಿದೆ. ಅದರ ಚರಿತ್ರೆಯನ್ನು ಪುಸ್ತಕವಾಗಿ ತರುತ್ತಿದ್ದಾರೆ. ಅಂತರರಾಷ್ಟ್ರೀಯ ಪ್ರೋಗ್ರಾಮಿಂಗ್ ಸ್ಪರ್ಧೆಗಳಲ್ಲಿ ನಮ್ಮವರು ಏನು ಮಾಡಿದರು ಎಂಬ ಅಧ್ಯಾಯ ನನ್ನ ಪಾಲಿಗೆ ಬಂದಿದೆ. ನಾನು ಇಲ್ಲಿಯೇ ಕಲಿತವಳು, ಇಲ್ಲಿಯೇ ಪಾಠ ಮಾಡುವವಳು, ಮೊದಲ ತಂಡದಲ್ಲಿ ಇದ್ದವಳು. ಹಾಗಾಗಿ ಬೇರೆ ಯಾರಿಗೂ ಆ ಕೆಲಸ ಹೋಗುವ ಹಾಗಿರಲಿಲ್ಲ.

ಈ ಸ್ಪರ್ಧೆಯ ಕ್ರಮ ಗೊತ್ತಿಲ್ಲದವರಿಗೆ ಒಂದು ಮಾತು. ತಂಡಕ್ಕೆ ಮೂರು ಜನ, ಮೂವರಿಗೂ ಸೇರಿ ಒಂದೇ ಕಂಪ್ಯೂಟರು. ಐದು ತಾಸಿನಲ್ಲಿ ಹತ್ತೋ ಹನ್ನೊಂದೋ ಲೆಕ್ಕ ಕೊಡುತ್ತಾರೆ. ಒಂದೊಂದಕ್ಕೂ ಪ್ರೋಗ್ರಾಮ್ ಬರೆದು ಕಳಿಸಬೇಕು. ಸರಿಯಾದರೆ ಒಂದು ಬಲೂನು ತಂದು ನಿಮ್ಮ ಮೇಜಿಗೆ ಕಟ್ಟುತ್ತಾರೆ, ಲೆಕ್ಕಕ್ಕೊಂದು ಬಣ್ಣ. ತಪ್ಪಾದರೆ 'ತಪ್ಪು' ಎಂದಷ್ಟೇ ಪರದೆಯ ಮೇಲೆ ಬರುತ್ತದೆ. ಎಲ್ಲಿ ತಪ್ಪು, ಯಾಕೆ ತಪ್ಪು, ಯಾರೂ ಹೇಳುವುದಿಲ್ಲ. ದೇಶದ ಒಳಗಿನ ಸುತ್ತುಗಳಲ್ಲಿ ಗೆದ್ದವರು ಜಗತ್ತಿನ ಫೈನಲ್ಸ್‌ಗೆ ಹೋಗುತ್ತಾರೆ. ನಮ್ಮವರು ಅಲ್ಲಿಗೆ ಇನ್ನೂ ಹೋಗಿಲ್ಲ. ನನ್ನ ಅಧ್ಯಾಯದ ಮೊದಲ ಸಾಲಿನಲ್ಲಿಯೇ ಅದನ್ನು ಬರೆದಿಟ್ಟಿದ್ದೇನೆ.

ಆ ಮೂರು ಬಲೂನು ನಮ್ಮ ಮೊದಲ ತಂಡದವು. ಅವನ್ನು ಚೀಲದಲ್ಲಿ ಹಾಕಿ ಕಪಾಟಿನಲ್ಲಿ ಇಟ್ಟವರು ನಮ್ಮ ಲ್ಯಾಬ್ ಮಾಸ್ತರು.

ಕಾಗದದ ಮೇಲೆ ಅವರು ಪ್ರಯೋಗಾಲಯ ಸಹಾಯಕರು, ಅದೂ ಗುತ್ತಿಗೆಯವರು. ಎಲ್ಲರೂ ಮಾಸ್ತರ ಎಂದೇ ಕರೆಯುತ್ತಿದ್ದರು. ಅವರು ನಿಜಕ್ಕೂ ಮಾಸ್ತರೇ. ಕೊಪ್ಪಳದ ಗಡಿಯಾರ ಕಂಬದ ಹತ್ತಿರ ಒಂದು ಮಾಳಿಗೆಯ ಮೇಲೆ ಅವರ ಟೈಪಿಂಗ್ ಇನ್ಸ್ಟಿಟ್ಯೂಟ್ ಇತ್ತಂತೆ. ಊರಿನ ಕೋರ್ಟು, ಕಚೇರಿಗಳಲ್ಲಿ ಟೈಪ್ ಹೊಡೆಯುತ್ತಿದ್ದ ಅರ್ಧ ಮಂದಿ ಅವರ ಹತ್ತಿರ ಕಲಿತವರು. ಕಂಪ್ಯೂಟರ್ ಬಂದ ಮೇಲೆ ಕಲಿಯಲು ಬರುವವರು ಕಡಿಮೆಯಾಗಿ, ಒಂದೊಂದೇ ಯಂತ್ರ ಮಾರಿ ಇನ್ಸ್ಟಿಟ್ಯೂಟ್ ಮುಚ್ಚಿದರು. ಆಮೇಲೆ ತಾವೇ ಕಂಪ್ಯೂಟರ್ ಕಲಿತು ನಮ್ಮ ಕಾಲೇಜಿಗೆ ಬಂದರು. ತೆಳ್ಳನೆಯ ಆಳು, ತುಂಬು ತೋಳಿನ ಬಿಳಿ ಅಂಗಿ, ತೋಳಿಗೆ ಎರಡೇ ಮಡಿಕೆ, ದಪ್ಪ ಗಾಜಿನ ಕನ್ನಡಕ. ಲ್ಯಾಬಿನ ಸಾಲಿನ ನಡುವೆ ಓಡಾಡುವಾಗ ಪ್ರತಿಯೊಂದು ಕಂಪ್ಯೂಟರಿನ ನೆತ್ತಿಯನ್ನು ಮುಟ್ಟಿಕೊಂಡೇ ಹೋಗುತ್ತಿದ್ದರು. ಎತ್ತುಗಳ ಬೆನ್ನು ಸವರುವ ಒಕ್ಕಲಿಗನ ಹಾಗೆ ಅವರಿಗೂ ಯಂತ್ರಗಳ ಮೇಲೆ ಪ್ರೀತಿ ಎಂದುಕೊಂಡಿದ್ದೆವು.

ನಾನು ಯಲಬುರ್ಗಾ ಕಡೆಯವಳು. ಕನ್ನಡ ಸಾಲಿಯಲ್ಲಿ ಓದಿ, ಕೀಬೋರ್ಡನ್ನು ಮೊದಲ ಸಲ ಮುಟ್ಟಿದ್ದೇ ಆ ಲ್ಯಾಬಿನಲ್ಲಿ. ಬಲಗೈಯ ತೋರುಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ ಕುಟ್ಟುತ್ತಿದ್ದೆ. ಮಾಸ್ತರು ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ.

"ಒಂದ ಬೆರಳಿಲೆ ಹೊಡಿಯಾಕ ಹತ್ತೀಯಲ್ಲ ತಂಗೀ, ಉಳದ ಒಂಬತ್ತು ಏನ ತಪ್ಪು ಮಾಡ್ಯಾವು?"

ಪಕ್ಕದವರು ನಕ್ಕರು. ನನಗೆ ಕಣ್ಣೀರೇ ಬಂತು. ಮರುದಿನದಿಂದ ಊಟದ ಬಿಡುವಿನಲ್ಲಿ ನನ್ನೊಬ್ಬಳನ್ನೇ ಕೂರಿಸಿಕೊಂಡು ಕಲಿಸಿದರು. ಕೀಬೋರ್ಡಿನ ಮೇಲೆ ಕರವಸ್ತ್ರ ಮುಚ್ಚಿ, ಅದರ ಕೆಳಗೆ ನನ್ನ ಕೈ ಇರಿಸಿ, "ಹ್ಞಾಂ, ಈಗ ಹೊಡಿ" ಎನ್ನುತ್ತಿದ್ದರು. ತಾವು ಪರದೆಯತ್ತ ನೋಡುತ್ತಲೇ ಇರಲಿಲ್ಲ, ಗೋಡೆಯ ಕಡೆಗೆ ಮುಖ ಮಾಡಿ ಕೂರುತ್ತಿದ್ದರು. ನನ್ನ ಬೆರಳು ತಪ್ಪಿದ ಗಳಿಗೆಗೆ ಸರಿಯಾಗಿ "ಅದಲ್ಲ" ಎನ್ನುತ್ತಿದ್ದರು. ಆ ತಪ್ಪು ಅವರಿಗೆ ಹೇಗೆ ಗೊತ್ತಾಗುತ್ತಿತ್ತೋ... ಟಕಟಕ ಸಪ್ಪಳದ ನಡೆ ಎಲ್ಲಿ ಎಡವಿತು ಎಂದು ಕೇಳಿಯೇ ಹಿಡಿಯುತ್ತಿದ್ದರೆಂದು ಈಗ ತಿಳಿಯುತ್ತದೆ. ಮೂರು ತಿಂಗಳಿಗೆ ನನ್ನ ಹತ್ತೂ ಬೆರಳು ಕೆಲಸಕ್ಕೆ ಬಂದವು.

ಎರಡನೆಯ ವರ್ಷದಲ್ಲಿ ಒಂದು ದಿನ ನನ್ನನ್ನು ಕರೆದು ಒಂದು ಸುತ್ತೋಲೆ ಕೈಗಿಟ್ಟರು.

"ಇದನ್ನ ಜರಾ ಓದು ತಂಗಿ. ಇಂಗ್ಲಿಷು ನನಗ ಅಷ್ಟಕ್ಕಷ್ಟ."

ಇಷ್ಟು ವರ್ಷ ಇಂಗ್ಲಿಷ್ ಟೈಪಿಂಗ್ ಕಲಿಸಿದವರಿಗೆ ಇಂಗ್ಲಿಷ್ ಬರುವುದಿಲ್ಲವೇ ಎಂದು ನನಗೆ ಆಗ ಹೊಳೆಯಲಿಲ್ಲ. ಓದಿದೆ. ಅದು ಆ ಸ್ಪರ್ಧೆಯ ಸುತ್ತೋಲೆ. ವಿಭಾಗದ ಮುಖ್ಯಸ್ಥರು ಅದನ್ನು ಮಾಸ್ತರಿಗೆ ಕೊಟ್ಟು, ಯಾರಾದರೂ ಇದ್ದರೆ ನೋಡಿ ಎಂದಿದ್ದರಂತೆ. ಮಾಸ್ತರು ಕೇಳಿಸಿಕೊಂಡು, "ಮಂದಿ ಮೂರು, ಯಂತ್ರ ಒಂದು. ಅಂದ್ರ ಮೊದಲ ಜಗಳ ಇಲ್ದ ಕುಂದ್ರೂದು ಕಲೀಬೇಕು" ಎಂದರು. ಮರುದಿನ ಇನ್ನಿಬ್ಬರನ್ನು ಹಿಡಿದು ತಂದರು. ಒಬ್ಬಳು ಗಂಗಾವತಿಯವಳು, ಅಕ್ಕಿ ಗಿರಣಿಯವರ ಮಗಳು, ಮನೆಯಲ್ಲಿ ತೆಲುಗು, ಹೊರಗೆ ಕನ್ನಡ, ಎರಡರಲ್ಲೂ ಮಿಂಚಿನ ಹಾಗೆ ಮಾತು. ಇನ್ನೊಬ್ಬ ಕುಷ್ಟಗಿಯವನು, ದಿನಕ್ಕೆ ನಾಲ್ಕೇ ಮಾತಾಡುವವನು, ಆದರೆ ಲೆಕ್ಕದಲ್ಲಿ ನಮ್ಮಿಬ್ಬರಿಗಿಂತ ಬಲ್ಲವನು. ಮಾಸ್ತರು ನಮ್ಮನ್ನು ಊರಿನ ಹೆಸರಿನಿಂದಲೇ ಕೂಗುತ್ತಿದ್ದರು. ನಾವೂ ಹಾಗೆಯೇ ಕರೆದುಕೊಳ್ಳಲು ಶುರುಮಾಡಿದೆವು.

ಸ್ಪರ್ಧೆಯ ಮೊದಲ ವರ್ಷ ನಮಗೆ ಒಂದೂ ಲೆಕ್ಕ ಬರಲಿಲ್ಲ. ಪ್ರಾಥಮಿಕ ಸುತ್ತು ನಮ್ಮ ಲ್ಯಾಬಿನಿಂದಲೇ ಇಂಟರ್‌ನೆಟ್ ಮೂಲಕ ನಡೆಯುತ್ತಿತ್ತು. ಆ ಸುತ್ತಿಗೆ ಇದ್ದದ್ದು ಮೂರೇ ತಾಸು. ಅಷ್ಟರಲ್ಲಿ ಹನ್ನೆರಡು ಸಲ ಕಳಿಸಿದೆವು, ಹನ್ನೆರಡೂ ಸಲ 'ತಪ್ಪು' ಎಂದು ಬಂತು. ಗಂಗಾವತಿಯವಳು ಮೇಜಿಗೆ ಹಣೆ ಹಚ್ಚಿ ಕೂತುಬಿಟ್ಟಳು. ಮಾಸ್ತರು ನಾವು ಕಳಿಸಿದ ಕೊನೆಯ ಪ್ರೋಗ್ರಾಮನ್ನು ಪ್ರಿಂಟ್ ತೆಗೆಸಿ ನನ್ನ ಕೈಗೆ ಕೊಟ್ಟರು.

"ಓದು."

"ನೀವ ನೋಡ್ರಲ ಸರ."

"ನಾ ನೋಡಿದ್ರ ನಿನಗೇನ ಬಂತು? ಬಾಯಿಲೆ ಓದು. ಒಂದೊಂದ ಅಕ್ಷರ, ಒಂದೊಂದ ಚುಕ್ಕಿ."

ನನಗೆ ನಾಚಿಕೆಯಾಯಿತು. ಪ್ರೋಗ್ರಾಮನ್ನು ಯಾರಾದರೂ ಪಾಠದ ಹಾಗೆ ಗಟ್ಟಿಯಾಗಿ ಓದುತ್ತಾರೆಯೇ? ಆದರೂ ಓದಿದೆ. ಅವರು ಕಣ್ಣು ಮುಚ್ಚಿ, ತಲೆಯನ್ನು ಒಂದು ಬದಿಗೆ ವಾಲಿಸಿ ಕೇಳಿದರು. ಅರ್ಧಕ್ಕೆ ಬಂದಾಗ ಕೈ ಎತ್ತಿದರು. ಮೇಲೆ ಎಣಿಕೆಯನ್ನು ಸೊನ್ನೆಯಿಂದ ಹಿಡಿದಿದ್ದೆವು, ಕೆಳಗೆ ಒಂದರಿಂದ ಹಿಡಿದಿದ್ದೆವು. ಮೂವರೂ ಆ ಪರದೆಯನ್ನು ಒಂದು ತಾಸು ನೋಡಿದ್ದರೂ ಅದು ಕಂಡಿರಲಿಲ್ಲ.

"ನಿನ್ನ ಕಣ್ಣಿಗೆ ನೀ ಬರೀಬೇಕಂದದ್ದು ಕಾಣಸ್ತೈತಿ, ಬರದದ್ದು ಕಾಣಸೂದಿಲ್ಲ. ಕಿವಿ ಹಂಗಲ್ಲ ಬೇ, ಅದು ಇದ್ದದ್ದನ್ನ ಕೇಳ್ತೈತಿ" ಎಂದರು.

ಅಲ್ಲಿಂದ ಮುಂದೆ ಒಂದು ವರ್ಷ ಹಾಗೆಯೇ ನಡೆಯಿತು. ಸಂಜೆ ತರಗತಿಗಳು ಮುಗಿದ ಮೇಲೆ, ಕುಷ್ಟಗಿಯವನ ಬಸ್ಸಿನ ಹೊತ್ತಾಗುವವರೆಗೆ, ಒಬ್ಬರು ಓದುವುದು, ಉಳಿದವರು ಕಣ್ಣು ಮುಚ್ಚಿ ಕೇಳುವುದು. ಮಾಸ್ತರಿಗೆ ಕಠಿಣ ಲೆಕ್ಕಗಳ ಒಳಸುಳಿ ತಿಳಿಯುತ್ತಿರಲಿಲ್ಲ, ಅದನ್ನು ಅವರೇ ಹೇಳುತ್ತಿದ್ದರು. ಆದರೆ ಪ್ರೋಗ್ರಾಮ್ ಎಲ್ಲಿ ಹದ ತಪ್ಪುತ್ತದೆ ಎಂಬುದು ತಿಳಿಯುತ್ತಿತ್ತು. ಒಮ್ಮೆ ಒಂದು ಮೊತ್ತವನ್ನು ಹೊಸದಾಗಿ ಶುರುಮಾಡುವ ಮೊದಲು ಸೊನ್ನೆ ಮಾಡುವುದನ್ನು ನಾನು ಮರೆತಿದ್ದೆ. ಅವರು ನಕ್ಕು, "ಡಬ್ಬಿ ಖಾಲಿ ಮಾಡ್ಲಾರದ ಹೊಸಾ ಹಿಟ್ಟು ಹಾಕೀಯಲ್ಲ, ಹಳೇದು ಒಳಗ ಐತಿ" ಎಂದರು. ಅವರ ಪತ್ನಿ ಮನೆಯಲ್ಲಿ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದರು. ಅವರ ಹೋಲಿಕೆಗಳೆಲ್ಲ ಆ ಅಡುಗೆಮನೆಯಿಂದಲೇ ಬರುತ್ತಿದ್ದವು.

ಮರುವರ್ಷ ಪ್ರಾಥಮಿಕ ಸುತ್ತು ದಾಟಿದೆವು. ಪ್ರಾದೇಶಿಕ ಸುತ್ತಿಗೆ ಕೇರಳಕ್ಕೆ ಹೋಗಬೇಕಿತ್ತು. ತಂಡದ ಜೊತೆ ತರಬೇತುದಾರರಾಗಿ ಬರುವವರು ಬೋಧಕರೇ ಆಗಿರಬೇಕೆಂದು ಕಾಲೇಜಿನವರು ಹೇಳಿದರು. ಹಾಗಾಗಿ ಅರ್ಜಿಯಲ್ಲಿ ಮುಖ್ಯಸ್ಥರ ಹೆಸರು ಬರೆಯಲಾಯಿತು, ಅವರೇ ನಮ್ಮೊಡನೆ ಹೊರಟರು. ಮಾಸ್ತರು ಕೊಪ್ಪಳ ಸ್ಟೇಷನ್ನಿಗೆ ಬಂದು ಬಟ್ಟೆಯಲ್ಲಿ ಕಟ್ಟಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರು. ರೈಲು ಹೊರಟಾಗ ಕಿಟಕಿಯ ಪಕ್ಕದಲ್ಲಿ ನಾಲ್ಕು ಹೆಜ್ಜೆ ಬಂದರು.

"ಅವಸರದಾಗ ಹೊಡಿಬ್ಯಾಡ್ರಿ. ಅವಸರ ಅನ್ನಿಸ್ತಂದ್ರ ಓದ್ರಿ."

ಆ ಸಭಾಂಗಣ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಮೇಜುಗಳ ಸಾಲು, ಸಾಲಿನ ಕೊನೆ ಕಾಣುತ್ತಿರಲಿಲ್ಲ. ನಮ್ಮ ಪಕ್ಕದ ತಂಡಕ್ಕೆ ಮೊದಲ ತಾಸಿನಲ್ಲಿಯೇ ಮೂರು ಬಲೂನು ಬಂದವು. ಅವರು ಸಿಳ್ಳೆ ಹಾಕಿಕೊಂಡು ಟೈಪ್ ಮಾಡುತ್ತಿದ್ದರು. ನಮಗೆ ಎರಡನೆಯ ತಾಸಿಗೆ ಒಂದು, ಮೂರನೆಯ ತಾಸಿಗೆ ಇನ್ನೊಂದು. ಅಲ್ಲಿಗೆ ನಿಂತಿತು. ಮೂರನೆಯ ಲೆಕ್ಕ ನಾನು ಬರೆದದ್ದು, ನಾಲ್ಕು ಸಲ ಕಳಿಸಿದರೂ ತಪ್ಪು. ಉಳಿದದ್ದು ಅರ್ಧ ತಾಸು. ಕಂಪ್ಯೂಟರನ್ನು ಗಂಗಾವತಿಯವಳಿಗೆ ಬಿಟ್ಟುಕೊಟ್ಟು ಪ್ರಿಂಟೌಟ್ ಹಿಡಿದು ಕೂತೆ. ಅಕ್ಷರಗಳೆಲ್ಲ ಕಲಸಿಕೊಂಡವು. ಇದನ್ನು ಬಿಟ್ಟುಬಿಡೋಣ ಎಂದೆ.

ಕುಷ್ಟಗಿಯವನು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು, ಕಣ್ಣು ಮುಚ್ಚಿ, ತಲೆಯನ್ನು ಒಂದು ಬದಿಗೆ ವಾಲಿಸಿದ. ಥೇಟ್ ಮಾಸ್ತರ ಹಾಗೆ.

ಪಿಸುಮಾತಿನಲ್ಲಿ ಓದತೊಡಗಿದೆ. ಪಕ್ಕದ ತಂಡದವರು ನಮ್ಮನ್ನು ವಿಚಿತ್ರವಾಗಿ ನೋಡಿದರು. ಮೂವತ್ತನೆಯ ಸಾಲಿಗೋ ನಲವತ್ತನೆಯದಕ್ಕೋ ಬಂದಿದ್ದೆ... ನನ್ನ ಬಾಯಿಂದ ಹೊರಟ ಸಾಲು ನನ್ನ ಕಿವಿಗೇ ಹೊಸದಾಗಿ ಕೇಳಿಸಿತು. ಇಬ್ಬರೂ ಒಟ್ಟಿಗೆ "ಹಿಟ್ಟು!" ಎಂದೆವು. ಅದೇ ತಪ್ಪು, ಡಬ್ಬಿ ಖಾಲಿ ಮಾಡಿರಲಿಲ್ಲ. ಒಂದು ಸಾಲು ಸೇರಿಸಿ ಕಳಿಸಿದೆವು. ಸ್ವಲ್ಪ ಹೊತ್ತಿಗೆ ಸ್ವಯಂಸೇವಕಿಯೊಬ್ಬಳು ನೇರಳೆ ಬಣ್ಣದ ಬಲೂನು ಹಿಡಿದು ನಮ್ಮ ಮೇಜಿನತ್ತ ಬಂದಳು. ಗಂಗಾವತಿಯವಳು ತೆಲುಗಿನಲ್ಲಿ ಏನೋ ಕೂಗಿ ನನ್ನನ್ನು ತಬ್ಬಿಕೊಂಡಳು.

ಮೂರು ಲೆಕ್ಕಕ್ಕೆ ಬಹುಮಾನವೇನೂ ಇಲ್ಲ. ಪಟ್ಟಿಯ ನಡುವೆ ಎಲ್ಲೋ ನಮ್ಮ ಹೆಸರು. ಆದರೆ ನಮಗಿಂತ ಕೆಳಗೆ ಹೆಸರುವಾಸಿ ಕಾಲೇಜುಗಳು ಇದ್ದವು. ಅಂಥ ಪಟ್ಟಿಯಲ್ಲಿ ಕೊಪ್ಪಳದ ಹೆಸರು ಬಂದದ್ದು ನಮ್ಮ ಕಾಲೇಜಿಗೆ ಅದೇ ಮೊದಲು.

ಗಾಳಿ ಬಿಟ್ಟು ಮಡಚಿ ತಂದಿದ್ದ ಬಲೂನುಗಳನ್ನು ಮಾಸ್ತರ ಕೈಗೆ ಕೊಟ್ಟೆವು. ಅವರು ಒಂದೊಂದನ್ನೇ ಎರಡು ಬೆರಳ ನಡುವೆ ತಿಕ್ಕಿ ನೋಡಿ, "ಇದು ಯಾವ ಬಣ್ಣ?" ಎಂದು ಕೇಳಿದರು. ಕೆಂಪು ಎಂದೆ. "ಇದು?" ಹಳದಿ. "ಮತ್ತ ಇದು?" ಮಕ್ಕಳನ್ನು ಕೇಳುವ ಹಾಗೆ ಮುದ್ದು ಮಾಡಿ ಕೇಳುತ್ತಿದ್ದಾರೆ ಎಂದುಕೊಂಡು ನಾವು ನಗುತ್ತಾ ಹೇಳಿದೆವು.

ಮುಂದಿನದನ್ನು ಬರೆಯುವುದು ನನಗೆ ಸುಲಭವಲ್ಲ.

ಕಾಲೇಜಿನಲ್ಲಿ ನಮಗೊಂದು ಸನ್ಮಾನ ಇಟ್ಟುಕೊಂಡರು. ಪ್ರಿನ್ಸಿಪಾಲರು, ಮುಖ್ಯಸ್ಥರು ವೇದಿಕೆಯ ಮೇಲೆ. ಮಾಸ್ತರು ಹಿಂದೆ ಮೈಕಿನ ಪೆಟ್ಟಿಗೆಯ ಪಕ್ಕದಲ್ಲಿ ನಿಂತಿದ್ದರು. ತಂಡದ ಪರವಾಗಿ ಮಾತಾಡಲು ನನ್ನನ್ನು ಕರೆದರು. ಇಂಗ್ಲಿಷಿನಲ್ಲಿ ಬರೆದುಕೊಂಡಿದ್ದ ಚೀಟಿಯನ್ನು ಮಡಚಿಟ್ಟು ನಮ್ಮ ಮಾತಿನಲ್ಲಿಯೇ ಶುರುಮಾಡಿದೆ. ಎಲ್ಲರಿಗೂ ವಂದನೆ ಹೇಳಿದೆ. ಆಮೇಲೆ ಮಾಸ್ತರ ವಿಷಯಕ್ಕೆ ಬಂದೆ. ಈ ಗೆಲುವು ಅವರದು ಎಂದು ಎಲ್ಲರಿಗೂ ತಿಳಿಯಲಿ ಎಂಬ ಆಸೆ ಇತ್ತು, ನಿಜ. ಮಾತು ಚೆನ್ನಾಗಿ ಬರುತ್ತಿದೆ ಎಂಬ ಹುರುಪೂ ಇತ್ತು, ಅದೂ ನಿಜ.

"ನಮ್ಮ ಮಾಸ್ತರು ಹಾಳಿ ನೋಡೂದ ಇಲ್ರಿ. ಒಮ್ಮಿನೂ ನೋಡಿಲ್ಲ. ಕಣ್ಣು ಮುಚ್ಚಿ ಕುಂತು, ನಾವು ಓದಿದ್ದನ್ನ ಕೇಳಿ ತಪ್ಪು ಹಿಡೀತಾರ್ರಿ. ಕಣ್ಣಿದ್ದ ನಮಗ ಕಾಣ್ಲಾರದ್ದು ಅವರಿಗೆ ಕಣ್ಣು ಮುಚ್ಚಿದ್ರ ಕಾಣತೈತ್ರಿ!"

ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಪ್ರಿನ್ಸಿಪಾಲರಿಗೆ ಬಹಳ ಖುಷಿಯಾಯಿತು. ಎದ್ದು ನಿಂತು, ಮಾಸ್ತರು ಮೇಲೆ ಬರಲೇಬೇಕು ಎಂದು ಪಟ್ಟು ಹಿಡಿದರು. ಮಾಸ್ತರು ಕೈಯಾಡಿಸಿ ಬೇಡವೆಂದರು. ಹುಡುಗರು ಬಿಡಲಿಲ್ಲ, ಕೂಗಿ ಕೂಗಿ ಕಳಿಸಿದರು. ವೇದಿಕೆಯ ಮೆಟ್ಟಿಲಲ್ಲಿ ಅವರ ಕಾಲು ಎಡವಿತು, ಯಾರೋ ರೆಟ್ಟೆ ಹಿಡಿದು ಹತ್ತಿಸಿದರು. ಪ್ರಿನ್ಸಿಪಾಲರು ಅವರಿಗೆ ಶಾಲು ಹೊದಿಸಿ, ಆ ದಿನ ಬಹುಮಾನ ಪಡೆಯಬೇಕಿದ್ದ ಬೇರೆ ವಿದ್ಯಾರ್ಥಿಗಳ ಪಟ್ಟಿಯನ್ನು ಅವರ ಕೈಗಿತ್ತು ಪ್ರೀತಿಯಿಂದಲೇ ಹೇಳಿದರು: "ಇವತ್ತ ಈ ಹೆಸರು ನೀವ ಓದ್ರಿ ಮಾಸ್ತರ. ಇದು ನಿಮ್ಮ ಮಾನ."

ಮಾಸ್ತರು ಪಟ್ಟಿ ಹಿಡಿದುಕೊಂಡು ನಿಂತರು.

ನಾನು ಒಂದು ಮಾರು ದೂರದಲ್ಲಿದ್ದೆ. ಹಾಳೆ ತಲೆಕೆಳಗಾಗಿತ್ತು.

ಎಷ್ಟು ಹೊತ್ತು ಹಾಗೆ ನಿಂತಿದ್ದರೋ... ಅರ್ಧ ನಿಮಿಷವೂ ಇರಲಿಕ್ಕಿಲ್ಲ. ಆ ಅರ್ಧ ನಿಮಿಷದಲ್ಲಿ ನನಗೆ ಎಲ್ಲವೂ ಒಂದರ ಹಿಂದೆ ಒಂದು ಅರ್ಥವಾಗುತ್ತ ಹೋಯಿತು. ಕಂಪ್ಯೂಟರುಗಳನ್ನು ಮುಟ್ಟುತ್ತ ಸಾಲು ಹಿಡಿದು ನಡೆಯುವುದು, ಸುತ್ತೋಲೆ, ಬಲೂನಿನ ಬಣ್ಣ. ಆಗ ಮಾಸ್ತರು ನನ್ನ ದನಿ ಬಂದಿದ್ದ ದಿಕ್ಕಿಗೆ ತಿರುಗಿ ಹಾಳೆ ಚಾಚಿದರು.

"ಕನ್ನಡಕ ಮರತ ಬಂದೀನ್ರಿ. ನಮ್ಮ ಯಲಬುರ್ಗಾ ಓದ್ಲಿ."

ಸಭೆ ಗೊಳ್ಳೆಂದು ನಕ್ಕಿತು. ಕನ್ನಡಕ ಅವರ ಮೂಗಿನ ಮೇಲೆಯೇ ಇತ್ತು. ವಯಸ್ಸಾದವರ ಮರೆವು ಎಂದು ಎಲ್ಲರೂ ನಕ್ಕರು. ನಾನು ಹಾಳೆ ತೆಗೆದುಕೊಂಡು ಹೆಸರುಗಳನ್ನು ಓದಿದೆ. ಯಾವ ಹೆಸರು ಓದಿದೆನೋ ನೆನಪಿಲ್ಲ. ಮುಖ್ಯಸ್ಥರು ಮಾತ್ರ ನಗಲಿಲ್ಲ ಎಂಬುದು ನೆನಪಿದೆ. ಅವರು ಮಾಸ್ತರನ್ನೇ ನೋಡುತ್ತಿದ್ದರು.

ಮರುವಾರ ಮಾಸ್ತರನ್ನು ಕಣ್ಣಿನ ಪರೀಕ್ಷೆಗೆ ಕಳಿಸಿದರು. ಕಣ್ಣಿನ ನರ ಸೋತಿದ್ದವು. ಆರೇಳು ವರ್ಷಗಳಿಂದ ಸ್ವಲ್ಪ ಸ್ವಲ್ಪವೇ ಮಸುಕಾಗುತ್ತ ಬಂದು, ಈಗ ಬೆಳಕು, ನೆರಳು, ಆಕಾರ ಇಷ್ಟೇ ಉಳಿದಿತ್ತಂತೆ. ಕೆಲಸ ಹೋಗುತ್ತದೆಂದು ಯಾರಿಗೂ ಹೇಳಿರಲಿಲ್ಲ. ಲ್ಯಾಬು ಬಾಯಿಪಾಠವಾಗಿದ್ದರಿಂದ ಯಾರಿಗೂ ತಿಳಿದಿರಲಿಲ್ಲ. ಮುಖ್ಯಸ್ಥರು ಕೆಟ್ಟವರಲ್ಲ. ಅಷ್ಟೊಂದು ವೈರು, ಕರೆಂಟು ಇರುವ ಕಡೆ ನಾಳೆ ಏನಾದರೂ ಆದರೆ ಯಾರು ಹೊಣೆ ಎಂಬ ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಸೆಮಿಸ್ಟರ್ ಮುಗಿಯುವವರೆಗೆ ಇಟ್ಟುಕೊಂಡರು. ಆಮೇಲೆ ಗುತ್ತಿಗೆ ಮುಂದುವರಿಯಲಿಲ್ಲ.

ಆ ದಿನಗಳಲ್ಲಿ ನಾನು ಲ್ಯಾಬಿಗೆ ಹೋಗುವುದನ್ನೇ ಬಿಟ್ಟೆ. ಅವರೆದುರು ನಿಲ್ಲುವ ಧೈರ್ಯ ಇರಲಿಲ್ಲ. ಅವರು ಕೆಲಸ ಬಿಟ್ಟು ಒಂದು ತಿಂಗಳಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅವರ ಮನೆ ಹುಡುಕಿಕೊಂಡು ಹೋದೆ. ಕೋಟೆಯ ಕೆಳಗಿನ ಓಣಿ, ಕಲ್ಲಿನ ಗೋಡೆಯ ಸಣ್ಣ ಮನೆ. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಮಾಸ್ತರು ಕಟ್ಟೆಯ ಮೇಲೆ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ, "ಯಾರು, ಯಲಬುರ್ಗಾನ? ಬಾ ಒಳಗ. ಚಪ್ಪಲ ಎಳಕೊಂತ ನಡ್ಯೂದ ಬಿಟ್ಟಿಲ್ಲ ನೋಡ ನೀ" ಎಂದರು.

ಅಷ್ಟು ಕೇಳಿದ್ದೇ ತಡ, ನನಗೆ ಅಳು ತಡೆಯಲಾಗಲಿಲ್ಲ. ಅಲ್ಲಿಯೇ ಕಟ್ಟೆಯ ಮೇಲೆ ಕುಸಿದು ಕೂತು ಅತ್ತೆ. ನನ್ನಿಂದ ನಿಮ್ಮ ಕೆಲಸ ಹೋಯಿತು ಎಂದೆ. ಅದನ್ನು ಬಿಟ್ಟು ಬೇರೆ ಮಾತು ಬರಲಿಲ್ಲ, ಅದನ್ನೇ ಎರಡು ಮೂರು ಸಲ ಅಂದೆ. ಅವರು ಅಳು ಇಳಿಯುವವರೆಗೆ ಕಾದರು.

"ಯವ್ವಾ, ಡಾಕ್ಟರ್ ಏನಂದ್ರು ಗೊತ್ತೇನ? ಇನ್ನ ಆರ ತಿಂಗಳು ತಡಾ ಮಾಡಿದ್ರ ಈ ಇದ್ದಷ್ಟು ಬೆಳಕೂ ಹೋಗ್ತಿತ್ತಂತ. ನೀ ಅವತ್ತ ಮೈಕಿನ್ಯಾಗ ಹಂಗ ಹೇಳಿದ್ದಕ್ಕ ನಾ ದವಾಖಾನಿ ಕಂಡೆ. ಇಲ್ಲಂದ್ರ ಹೋಗ್ತಿದ್ನೇನ ನಾನು? ನೀ ನನಗ ಛಲೋನ ಮಾಡೀದಿ. ಕಣ್ಣ ಒರಸ್ಕೋ."

ಒಳಗೆ ರೊಟ್ಟಿಯ ಸಪ್ಪಳ ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ನನ್ನ ಎದೆಯ ಮೇಲಿದ್ದ ಕಲ್ಲು ಇಳಿದಂತಾಯಿತು. ನಾನು ಮೂಗು ಒರೆಸಿಕೊಳ್ಳುತ್ತಿರುವಾಗಲೇ ಅವರು, "ಬರಿಗೈಲೆ ಬಂದಿ ಏನ? ಓದಾಕ ಏನರ ತಂದೀದಿ?" ಎಂದು ಕೇಳಿದರು. ಚೀಲದಲ್ಲಿ ನೋಟ್‌ಬುಕ್ ಇತ್ತು. ತೆಗೆದು ಓದಿದೆ. ಆ ದಿನ ಎರಡು ತಪ್ಪು ಹಿಡಿದರು.

ಮುಂದಿನ ಭಾನುವಾರ ಮೂವರೂ ಹೋದೆವು. ಅದರ ಮುಂದಿನ ವಾರ ನಮಗಿಂತ ಕಿರಿಯ ತಂಡವೂ ಬಂತು. ಹೀಗೆ ನಮ್ಮ ವಿಶ್ವವಿದ್ಯಾಲಯದ ಪ್ರೋಗ್ರಾಮಿಂಗ್ ತರಬೇತಿ ಆರು ವರ್ಷ ಕೋಟೆ ಓಣಿಯ ಒಂದು ಕಟ್ಟೆಯ ಮೇಲೆ ನಡೆಯಿತು. ಒಳಗೆ ರೊಟ್ಟಿ, ಹೊರಗೆ ನಮ್ಮ ಓದು. ಓಣಿಯ ಹೆಂಗಸರು ಮೊದಮೊದಲು ಇದು ಯಾವ ಪುರಾಣ ಎಂದು ನಿಂತು ಕೇಳುತ್ತಿದ್ದರು. ಒಂದು ವರ್ಷ ಕನಕಗಿರಿಯ ಹುಡುಗನೊಬ್ಬ ಇದ್ದ ತಂಡ ಪ್ರಾದೇಶಿಕ ಸುತ್ತಿನಲ್ಲಿ ಐದು ಲೆಕ್ಕ ಬಿಡಿಸಿತು. ಇಂದಿಗೂ ನಮ್ಮ ದೊಡ್ಡ ಸಾಧನೆ ಅದೇ. ಅಷ್ಟು ಹೊತ್ತಿಗೆ ನಾನು ಎಂ.ಟೆಕ್ ಮುಗಿಸಿ ಇಲ್ಲಿಯೇ ಬೋಧಕಿಯಾಗಿ ಸೇರಿದ್ದೆ. ಅರ್ಜಿಯಲ್ಲಿ ತರಬೇತುದಾರರ ಜಾಗದಲ್ಲಿ ನನ್ನ ಹೆಸರು ಬರುತ್ತಿತ್ತು. ಫಲಿತಾಂಶ ಹೇಳಲು ನಾನೇ ಹೋದೆ. ಅವರು ಕೈ ಚಾಚಿ ನನ್ನ ತಲೆ ಹುಡುಕಿ ಅದರ ಮೇಲೆ ಅಂಗೈಯಿಟ್ಟರು.

ಒಂದು ಬೇಸಿಗೆಯಲ್ಲಿ, ಎರಡು ದಿನದ ಜ್ವರ ಎಂದವರು, ಮೂರನೆಯ ದಿನ ಇರಲಿಲ್ಲ.

ಮಾತಾಡಿಸಿಕೊಂಡು ಬರಲು ಹೋದಾಗ ಅಮ್ಮಾರು, ಅಂದರೆ ಮಾಸ್ತರ ಪತ್ನಿ, ನನ್ನನ್ನು ಒಳಗೆ ಕರೆದು ಕೂರಿಸಿಕೊಂಡರು. ಒಲೆ ಹಚ್ಚಿರಲಿಲ್ಲ. ಸುಮ್ಮನಿರಲಾರದೆ ನಾನೇ ಏನೋ ಹೇಳಿದೆ. ಆವತ್ತು ದವಾಖಾನೆಗೆ ಹೋದದ್ದರಿಂದ ಇಷ್ಟು ವರ್ಷ ಸ್ವಲ್ಪವಾದರೂ ಬೆಳಕು ಉಳಿಯಿತಲ್ಲ ಎಂದೆ. ಅವರು ನನ್ನ ಮುಖ ನೋಡಿದರು.

"ಡಾಕ್ಟರ್ ಹಂಗೇನೂ ಅಂದಿರಲಿಲ್ಲವ್ವಾ. ಭಾಳ ತಡಾ ಆಗೈತಿ, ಇನ್ನ ಏನ ಮಾಡಿದ್ರೂ ಅಷ್ಟ, ಅಂತ ಮೊದಲ ದಿನಾನ ಅಂದಿದ್ರು. ಒಂದ ವರ್ಷದಾಗ ಇದ್ದಷ್ಟೂ ಹೋತು. ನೀ ಅವತ್ತ ಅಳಕೋಂತ ಬಂದಿದ್ದಿ ನೋಡು... ಅದಕ್ಕ ಹಂಗಂದ್ರು. ನಿನ್ನ ಮುಂದ ಹೇಳಬ್ಯಾಡಂತ ನನಗೂ ಹೇಳಿದ್ರು."

ಹಾಗಾದರೆ ಕೊನೆಯ ಐದು ವರ್ಷ ಅವರು ಪೂರ್ತಿ ಕತ್ತಲಲ್ಲಿ ಕೂತು ನಮ್ಮ ಪ್ರೋಗ್ರಾಮುಗಳನ್ನು ಕೇಳಿದ್ದರು. ನಾನು ಹೋದಾಗಲೆಲ್ಲ, "ಇವತ್ತ ಬಿಸಲ ಭಾಳ ಐತಲ್ಲ" ಎಂದು ಕಣ್ಣಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಅದು ನನಗಾಗಿ.

ಇದೆಲ್ಲ ಆಗಿ ನಾಲ್ಕು ವರ್ಷ. ಈಗ ಈ ಪುಸ್ತಕ. ಹಳೆಯ ಅರ್ಜಿಗಳ ಕಟ್ಟು ಬಿಚ್ಚಿ ನೋಡಿದರೆ ಎಲ್ಲಿಯೂ ಅವರ ಹೆಸರಿಲ್ಲ. ಮೊದಲು ಮುಖ್ಯಸ್ಥರದು, ಆಮೇಲೆ ನನ್ನದು. ಇಷ್ಟು ವರ್ಷಗಳಲ್ಲಿ ಎಷ್ಟೋ ಸಭೆಗಳಲ್ಲಿ ಮಾತಾಡಿದ್ದೇನೆ, ಕಾಲೇಜಿನ ಪತ್ರಿಕೆಗೆ ಬರೆದಿದ್ದೇನೆ. ಅವರ ಹೆಸರು ಎತ್ತಲಿಲ್ಲ. ಒಮ್ಮೆ ಎತ್ತಿ ಅವರ ಕೆಲಸ ಕಳೆದಿದ್ದೆ, ಆ ಅಂಜಿಕೆ. ಅಂಜಿಕೆ ಹೋದ ಮೇಲೂ ಬಾಯಿ ಅದೇ ರೂಢಿಯಲ್ಲಿ ಉಳಿಯಿತು. ಈಗ ನನ್ನ ಅಧ್ಯಾಯದಲ್ಲಿ ಮೊದಲ ತಂಡದ ಹೆಸರುಗಳ ಕೆಳಗೆ, ತರಬೇತುದಾರರು ಎಂದು ಬರೆದು ಅವರ ಹೆಸರು ಹಾಕಿದ್ದೇನೆ. ಮುಂದಿನ ಆರು ತಂಡಗಳ ಕೆಳಗೂ ಇದ್ದ ಮುಖ್ಯಸ್ಥರ ಹೆಸರು, ನನ್ನ ಹೆಸರು ಹೊಡೆದು ಅವರದನ್ನೇ ಬರೆದಿದ್ದೇನೆ.

ಪೂರ್ತಿ ಹೆಸರು, ಇನಿಶಿಯಲ್ ಸರಿಯಾಗಿ ಬೇಕಿತ್ತು. ನಿನ್ನೆ ಸಂಜೆ ಅಮ್ಮಾರಿಗೆ ಫೋನು ಮಾಡಿದೆ. ಪುಸ್ತಕ ಬರುತ್ತದೆ, ಅದರಲ್ಲಿ ಮಾಸ್ತರ ಹೆಸರು ಇರುತ್ತದೆ, ಅವರು ಕಲಿಸಿದ್ದನ್ನೆಲ್ಲ ಬರೆದಿದ್ದೇನೆ ಎಂದೆ. ಅವರು ಅಕ್ಷರ ಅಕ್ಷರವಾಗಿ ಹೆಸರು ಹೇಳಿದರು. ನಾನು ಬರೆದುಕೊಂಡೆ.

"ಅವರು ಇದ್ದಾಗ ಬರದಿದ್ರ..." ಎಂದರು, ಕೋಪವಿರಲಿಲ್ಲ ದನಿಯಲ್ಲಿ. "ನಿನ್ನ ಕಡಿಂದ ಓದಿಸಿ ಕೇಳ್ತಿದ್ರವ್ವಾ."

"ಹೌದ್ರಿ ಅಮ್ಮಾರ" ಎಂದೆ.